ಮೇಷ್ಟ್ರ ವ್ಯಾನಿನ ಮಾಳಿಗೆ

"ಹಳೇ ಟೈರು ಇದ್ಯೇನಪ್ಪಾ ನಿಮ್ಮನೇಲಿ? ನಾಲ್ಕು ಬೇಕಿತ್ತು."

ಭಾನುವಾರ ಬೆಳಿಗ್ಗೆ ಆರೂವರೆಗೆ ಪಕ್ಕದ ಮನೆ ಮೇಷ್ಟ್ರು ಬೇಲಿಯಾಚೆಯಿಂದ ಕೇಳಿದರು. ನಮ್ಮಿಬ್ಬರ ಮನೆಗಳ ನಡುವೆ ಇರುವುದು ಸೊಂಟದೆತ್ತರದ ತಂತಿ ಬೇಲಿ. ಅದರ ಮೇಲೆ ತೊಂಡೆ ಬಳ್ಳಿ ಹಬ್ಬಿಸಿದ್ದೇವೆ. ಆ ಕಡೆಗೆ ಬಾಗಿದ ಕಾಯಿ ಅವರದು, ಈ ಕಡೆಗೆ ಬಾಗಿದ್ದು ನಮ್ಮದು. ಟೈರು ಯಾಕೆ ಅಂದೆ.

"ವ್ಯಾನಿನ ಟಾಪು ಇಳಿಸ್ತೀವಿ ಇವತ್ತು. ನೆಲದ ಮೇಲೆ ಬರೀ ಇಡೋ ಹಂಗಿಲ್ಲವಂತೆ. ನಾಲ್ಕು ಮೂಲೆಗೂ ಟೈರು ಕೊಟ್ಟು, ನೆರಳಲ್ಲಿ ಸಮವಾಗಿ ಕೂರಿಸ್ಬೇಕು ಅಂದವ್ರೆ ಭಾಯಿ. ಎರಡೇ ಕಡೆ ಆನಿಸಿದ್ರೆ ಬಿಸಿಲಿಗೆ ಫೈಬರ್ ಬಾಗಿ ಸೊಟ್ಟಗಾಗುತ್ತಂತೆ. ಆಮೇಲೆ ಏನ್ ಮಾಡಿದ್ರೂ ಕೂರಲ್ಲ."

ಕೈಲಿದ್ದ ಕಾಫಿ ಲೋಟ ಬೇಲಿಯ ಕಲ್ಲುಗೂಟದ ಮೇಲಿಟ್ಟು ಟೈರು ಹುಡುಕಲು ಹೋದೆ. ಸಿಕ್ಕಿದ್ದು ಮೂರು. ನಾಲ್ಕನೆಯದನ್ನು ಹಾಲು ಹಾಕುವವನು ತಂದುಕೊಟ್ಟ.

ಮೊದಲು ಆ ವ್ಯಾನಿನ ವಿಷಯ ಹೇಳಬೇಕು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿದ್ದು ಇವತ್ತಿನ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಮೇಷ್ಟ್ರು ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯ ದಿನದವರೆಗೆ ಈ ನಾಲ್ಕರಲ್ಲೇ ತಿರುಗಿದವರು. ವಿಜ್ಞಾನ ಹೇಳುತ್ತಿದ್ದರು. ಪಾವಗಡದ ಗಡಿ ಊರುಗಳಲ್ಲಿ ಮಕ್ಕಳು ಮನೆಯಲ್ಲಿ ತೆಲುಗು ಆಡುತ್ತಿದ್ದುದರಿಂದ ಅಲ್ಲಿ ತೆಲುಗು ಕಲಿತರು. ಶಿರಾ ಕಡೆಯ ಊರಿನಲ್ಲಿ ಕಡಲೆಕಾಯಿ ಸುಗ್ಗಿ ಬಂದರೆ ತರಗತಿ ಅರ್ಧ ಖಾಲಿಯಾಗುವುದನ್ನು ನೋಡಿದರು. ವಾರಪೂರ್ತಿ ಆ ಊರುಗಳಲ್ಲಿ ಒಂದು ಕೋಣೆ ಹಿಡಿದು ಇರುವುದು, ಶನಿವಾರ ಬೆಳಗಿನ ಶಾಲೆ ಮುಗಿಸಿ ಪ್ರೈವೇಟ್ ಬಸ್ಸು ಹತ್ತಿ ಮಧುಗಿರಿಗೆ ಬರುವುದು. ಅಕ್ಕ, ಅಂದರೆ ಅವರ ಹೆಂಡತಿ, ಮಕ್ಕಳನ್ನೂ ಅತ್ತೆಯನ್ನೂ ನೋಡಿಕೊಂಡು ಇಲ್ಲೇ ಇದ್ದರು. ಗಂಡ ಇಷ್ಟು ವರ್ಷ ಬಾಳಿದ ಊರುಗಳಲ್ಲಿ ಒಂದನ್ನೂ ಆಕೆ ಕಣ್ಣಾರೆ ಕಂಡಿರಲಿಲ್ಲ. ನಿವೃತ್ತರಾದ ಮೇಲೆ ಮೇಷ್ಟ್ರಿಗೆ ಹಿಡಿದ ಆಸೆ ಒಂದೇ: ಪಾಠ ಹೇಳಿದ ಒಂದೊಂದು ಊರಿಗೂ ಹೆಂಡತಿಯನ್ನು ಕರೆದುಕೊಂಡು ಹೋಗಿ, ಶಾಲೆಯ ಅಂಗಳದಲ್ಲಿ ಒಂದು ರಾತ್ರಿ ಉಳಿದು ಬರಬೇಕು. ಆ ಊರುಗಳಲ್ಲಿ ಲಾಡ್ಜ್ ಇಲ್ಲ. ಹಳೇ ವಿದ್ಯಾರ್ಥಿಗಳು ಮನೆಗೆ ಕರೆಯುತ್ತಾರೆ, ಆದರೆ ಇನ್ನೊಬ್ಬರ ಮನೆಯವರಿಗೆ ರಾತ್ರಿ ಅಡಿಗೆ ಮಾಡಿಸುವುದು ಅಕ್ಕನಿಗೆ ಒಪ್ಪಿಗೆ ಇಲ್ಲ.

ಹಾಗಾಗಿ ವ್ಯಾನು. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಲ್ಲಿ ಬಂದು, ಆಮೇಲೆ ಓಮ್ನಿ ಎನ್ನಿಸಿಕೊಂಡು, 2019ರಲ್ಲಿ ತಯಾರಿಕೆ ನಿಂತ ಅದೇ ವ್ಯಾನು. ನಮ್ಮ ಕಡೆ ಮದುವೆ ದಿಬ್ಬಣ, ಹೆರಿಗೆ, ಟೊಮ್ಯಾಟೊ, ಹುಣಿಸೆಹಣ್ಣು, ಗಣಪತಿ, ಎಲ್ಲವನ್ನೂ ಹೊತ್ತ ಗಾಡಿ ಅದು. ಹಿಂದಿನ ಸೀಟು ತೆಗೆದರೆ ಇಬ್ಬರು ಮಲಗುವಷ್ಟು ಜಾಗ ಸಿಗುತ್ತದೆ. ಆದರೆ ಒಳಗೆ ನಿಲ್ಲಲಾಗುವುದಿಲ್ಲ. ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: "ಕೂತ್ಕಂಡು ಸೀರೆ ಉಡೋಕಾಗುತ್ತಾ?" ಮೇಷ್ಟ್ರು ಆ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಿಲ್ಲ. ವರ್ಷ ಹುಡುಕಿ, ಉಡುಪಿ ಕಡೆಯಿಂದ ಟಾಪು ಏಳುವ ಒಂದು ವ್ಯಾನು ತಂದರು. ಮೇಲಿನ ತಗಡನ್ನು ಹಾಸಿಗೆಯಷ್ಟಗಲ ಕೊಯ್ದು, ಅದರ ಮೇಲೊಂದು ಫೈಬರ್ ಮುಚ್ಚಳ ಕೂರಿಸಿ, ಹಿಂಭಾಗಕ್ಕೆ ಕೀಲು ಕೊಟ್ಟು, ಸುತ್ತ ಕ್ಯಾನ್ವಾಸ್ ಕಟ್ಟಿದ್ದರು. ಮುಂದಿನಿಂದ ಎತ್ತಿದರೆ ಮೊಸಳೆ ಬಾಯಿ ತೆರೆದ ಹಾಗೆ ಏಳುತ್ತದೆ. ಒಳಗೆ ಅಕ್ಕ ನೆಟ್ಟಗೆ ನಿಂತು ನೆರಿಗೆ ಹಿಡಿಯಬಹುದು. ಗಾಡಿಯ ಆಕಾರ ಬದಲಿಸಬೇಕಾದರೆ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ ಆರ್‌ಟಿಓ ಒಪ್ಪಿಗೆ ಬೇಕು. ಮೊದಲಿನ ಮಾಲೀಕರು ಅದನ್ನು ಆರ್‌ಸಿಯಲ್ಲಿ ಬರೆಸಿಟ್ಟಿದ್ದರು. ಮೇಷ್ಟ್ರು ದುಡ್ಡು ಕೊಡುವ ಮುಂಚೆ ನೋಡಿದ್ದು ಆ ಕಾಗದವನ್ನೇ.

ಇಂಥ ಏಳುವ ಟಾಪು ನಮಗೆ ಹೊಸದು, ಪ್ರಪಂಚಕ್ಕೆ ಹಳೆಯದು. ಜರ್ಮನಿಯ ವೆಸ್ಟ್‌ಫಾಲಿಯಾ ಕಂಪನಿ 1951ರಲ್ಲೇ ಫೋಕ್ಸ್‌ವ್ಯಾಗನ್ ವ್ಯಾನಿನೊಳಗೆ ಮಲಗುವ, ಅಡಿಗೆ ಮಾಡುವ ಪೆಟ್ಟಿಗೆ ಕೂರಿಸಲು ಶುರುಮಾಡಿತು. ಇಂಗ್ಲೆಂಡಿನ ಫೋಕ್‌ಸ್ಟೋನ್ ಪಟ್ಟಣದ ಮಾರ್ಟಿನ್ ವಾಲ್ಟರ್ ಕಂಪನಿ ಡಾರ್ಮೊಬೈಲ್ ಎಂಬ ಹೆಸರಿನಲ್ಲಿ ಪಕ್ಕಕ್ಕೆ ಏಳುವ ಟಾಪು ಮಾಡಿತು. ಅರವತ್ತು, ಎಪ್ಪತ್ತರ ದಶಕದಲ್ಲಿ ಇಂಥ ವ್ಯಾನುಗಳು ಟರ್ಕಿ, ಇರಾನ್, ಅಫ್ಘಾನಿಸ್ತಾನ ಹಾದು ಭಾರತಕ್ಕೂ ಬರುತ್ತಿದ್ದವು. 1979ರಲ್ಲಿ ಇರಾನಿನಲ್ಲೂ ಅಫ್ಘಾನಿಸ್ತಾನದಲ್ಲೂ ಗಲಭೆಯೆದ್ದ ಮೇಲೆ ಆ ದಾರಿ ಮುಚ್ಚಿತು. ನಮ್ಮಲ್ಲಿ ಗಾಡಿಯಲ್ಲಿ ಮಲಗುವುದು ಅದಕ್ಕಿಂತ ಹಳೆಯದು. ದಂಡಿನ ಮಾರಮ್ಮನ ಜಾತ್ರೆಗೆ, ಸೀಬಿ ನರಸಿಂಹಸ್ವಾಮಿಗೆ, ಗೊರವನಹಳ್ಳಿಗೆ ಕಮಾನು ಗಾಡಿ ಕಟ್ಟಿಕೊಂಡು ಹೋದವರು ಎತ್ತು ಬಿಚ್ಚಿ, ಮೂಕಿಗೆ ಆನಿಕೆ ಕೊಟ್ಟು, ಹುಲ್ಲು ಹಾಸಿ ಅದರಲ್ಲೇ ಮಲಗುತ್ತಿದ್ದರು. ಬೇಡವಾದಾಗ ಬಿದಿರ ಚಾಪೆಯ ಆ ಕಮಾನನ್ನು ಇಬ್ಬರು ಎತ್ತಿ ಗೋಡೆಗೆ ಒರಗಿಸುತ್ತಿದ್ದರು.

ಮೇಷ್ಟ್ರ ಮೊದಲ ಪ್ರಯಾಣ ಹೋದ ವರ್ಷ ಉತ್ತರೆ ಮಳೆಯ ಹೊತ್ತಿಗೆ. ಪಾವಗಡ ತಾಲ್ಲೂಕು, ನಿಡಗಲ್ಲು ಬೆಟ್ಟದ ಕಡೆಯ ಒಂದು ಊರು. ನಮ್ಮ ಸೀಮೆಯಲ್ಲಿ ಮಳೆ ಕಡಿಮೆ. ಮಂಗಳೂರಿಗೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಬಿದ್ದರೆ, ಪಾವಗಡಕ್ಕೆ ಐದಾರು ನೂರು ಬಿದ್ದರೆ ಒಳ್ಳೆಯ ವರ್ಷ. ಆದರೆ ಬೀಳುವ ದಿನ ಒಂದೇ ಸಲ ಸುರಿಯುತ್ತದೆ. ಅವತ್ತು ರಾತ್ರಿ ಹಾಗೇ ಸುರಿಯಿತು. ಅಕ್ಕನ ಹಾಸಿಗೆ ನೆನೆಯಿತು. ಇಬ್ಬರೂ ಶಾಲೆಯ ಜಗುಲಿಯ ಮೇಲೆ ಕೂತು ಬೆಳಗು ಮಾಡಿ ವಾಪಸ್ಸು ಬಂದರು. ಅಕ್ಕ ಒಂದು ಮಾತೂ ಆಡಲಿಲ್ಲ. ಅದೇ ಮೇಷ್ಟ್ರಿಗೆ ಹೆಚ್ಚು ನೋವಾಗಿದ್ದು.

ನೀರು ಎಲ್ಲಿಂದ ಬರುತ್ತಿದೆ ಎಂದು ಕಂಡುಹಿಡಿದ ಬಗೆ ಮಾತ್ರ ಪೂರಾ ಮೇಷ್ಟ್ರದು. ಅವರ ಮನೆಯಲ್ಲಿ ಸೀಮೆಸುಣ್ಣದ ಹಳೇ ಡಬ್ಬಿಗಳಿವೆ. ಸುಣ್ಣ ಕುಟ್ಟಿ ಪುಡಿ ಮಾಡಿ, ಒಳಗಿನ ತಗಡಿಗೆಲ್ಲ ಬಟ್ಟೆಯಿಂದ ಒರೆಸಿ ಬೆಳ್ಳಗೆ ಮಾಡಿದರು. ನಾನು ಏಣಿ ಹತ್ತಿ ಚೊಂಬಿನಲ್ಲಿ ಸ್ವಲ್ಪಸ್ವಲ್ಪವೇ ನೀರು ಹುಯ್ದೆ. ಹನಿ ನಡೆದ ದಾರಿ ಪುಡಿಯ ಮೇಲೆ ಗೆರೆಯಾಗಿ ಮೂಡಿತು. ತೊಟ್ಟಿಕ್ಕುತ್ತಿದ್ದದ್ದು ಎಡಗಡೆ ಹಿಂದಿನ ಮೂಲೆಯಲ್ಲಿ, ಒಳಗೆ ಇಳಿಯುತ್ತಿದ್ದದ್ದು ಡ್ರೈವರ್ ತಲೆಯ ಮೇಲುಭಾಗದಲ್ಲಿ. ಒಳಗಿಳಿದ ನೀರು ತಗಡಿನ ಮಡಿಕೆ ಹಿಡಿದು ನಾಲ್ಕೈದಡಿ ಹಿಂದಕ್ಕೆ ಹೋಗಿ ಬೀಳುತ್ತಿತ್ತು. ನಾವಾದರೆ ಸೋರುವ ಮೂಲೆಗೇ ಸಿಲಿಕಾನ್ ಮೆತ್ತಿ ಕೈತೊಳೆದುಕೊಳ್ಳುತ್ತಿದ್ದೆವು.

ಶಿರಾ ರಸ್ತೆಯಲ್ಲಿ ಟಿಂಕರಿಂಗ್ ಶೆಡ್ಡು ಇಟ್ಟಿರುವ ಭಾಯಿ ಬಂದು ನೋಡಿದರು. ಸ್ಕ್ರೂಡ್ರೈವರಿನ ಹಿಡಿಯಿಂದ ಟಾಪಿನ ಅಂಚಿನುದ್ದಕ್ಕೂ ಟಕಟಕ ತಟ್ಟುತ್ತಾ ಹೋದರು. ಮಡಿಕೆ ಗಟ್ಟಿಯೋ ಪೊಳ್ಳೋ ಎಂದು ಕುಂಬಾರರು ತಟ್ಟಿ ನೋಡುವ ಹಾಗೆ. ಮುಂಭಾಗಕ್ಕೆ ಬಂದಾಗ ಸದ್ದು ಮಂಕಾಯಿತು. "ಇಲ್ಲಿ ತಗಡಿಲ್ಲ ಮೇಷ್ಟ್ರೇ, ಬರೀ ಲಪ್ಪಂ" ಅಂದರು.

ಹಿಂದೆ ಯಾರೋ ತುಕ್ಕಿನ ಮೇಲೇ ಲಪ್ಪಂ ಬಳಿದು, ಉಜ್ಜಿ, ಬಣ್ಣ ಹೊಡೆದು ಹೊಳಪು ಕೊಟ್ಟಿದ್ದರು. ಈ ಕೆಲಸವನ್ನು ನಾನು ಕ್ಷಮಿಸಲಾರೆ. ಲಪ್ಪಂ ತಾನೇ ತೇವ ಕುಡಿಯುವ ವಸ್ತು. ತುಕ್ಕಿಗೆ ಮೇಲಿನಿಂದ ಒದ್ದೆ ಕಂಬಳಿ ಹೊದಿಸಿದಂತೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಕೇಳುತ್ತದೆ. ಒಳಗೊಳಗೇ ಉಬ್ಬಿ, ಎರಡು ತಗಡು ಕೂಡಿದ ಕಡೆ ಸಂದು ಬಿಡಿಸುತ್ತದೆ. ಸಂದಿಗೆ ಮತ್ತೆ ನೀರು, ಮತ್ತೆ ತುಕ್ಕು. ಹೊರಗೆ ಒಂದು ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಒಂದು ಗೇಣು ಹೋಗಿರುತ್ತದೆ.

ಭಾಯಿ ಎರಡು ದಾರಿ ಹೇಳಿದರು. ಬೆಂಗಳೂರಿನ ಗುಜರಿಯಿಂದ ಇಂಥದೇ ವ್ಯಾನಿನ ಇಡೀ ಮೇಲ್ತಗಡು ತಂದು ಬೆಸೆದು, ಏಳುವ ಟಾಪಿನ ಕಥೆಯನ್ನೇ ಮುಗಿಸುವುದು. ಅದು ಸಲೀಸು, ಮಳೆಯ ಭಯವಿಲ್ಲ. ಇಲ್ಲವೇ ಟಾಪು ಪೂರಾ ಇಳಿಸಿ, ಕೊಳೆತದ್ದನ್ನು ಕೊಯ್ದು, ಹೊಸ ತಗಡು ಹಾಕಿ ಮತ್ತೆ ಕೂರಿಸುವುದು. "ಟಾಪು ಇಳಿಸದೇ ಮಾಡಕ್ಕಾಗಲ್ವಾ?" ಎಂದು ಮೇಷ್ಟ್ರು ಕೇಳಿದ್ದಕ್ಕೆ ಭಾಯಿ, "ಪಗಡಿ ಬಿಚ್ಚದೆ ತಲೆಗೆ ಎಣ್ಣೆ ಹಚ್ಚಕ್ಕಾಗುತ್ತಾ ಸಾರ್" ಅಂದರು. ಮೇಷ್ಟ್ರು ಅಕ್ಕನ ಮುಖ ನೋಡಿದರು. "ಮುಚ್ಚಿಬಿಟ್ರೆ ನಾನು ಬರಲ್ಲ" ಎಂದು ಅಕ್ಕ ಒಳಗೆ ಹೋದರು. ಅಲ್ಲಿಗೆ ತೀರ್ಮಾನ ಆಯಿತು.

ಟಾಪು ಇಳಿಸಲು ಆಷಾಢ ಹಿಡಿದರು. ಈ ತಿಂಗಳಲ್ಲಿ ನಮಗೆ ಮಳೆಗಿಂತ ಗಾಳಿ ಹೆಚ್ಚು. ಭಾಯಿ ಹೆದರಿದ್ದೂ ಗಾಳಿಗೇ. ಬಿಚ್ಚಿದ ಟಾಪು ಎಂದರೆ ದೊಡ್ಡ ಮೊರ ಇದ್ದ ಹಾಗೆ, ಗಾಳಿ ಸಿಕ್ಕರೆ ಹಿಡಿದವರನ್ನೂ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ಬೆಳಗಿನ ಹೊತ್ತು, ನಾಲ್ಕು ಜನ, ಎರಡು ಹಗ್ಗ. ಕೀಲಿನ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ಸೀಮೆಎಣ್ಣೆ ಕುಡಿಸಿ ಇಟ್ಟಿದ್ದರು. ಬ್ಯಾಟರಿಯ ವಯರು ಬಿಚ್ಚಿದರು. ಆಮೇಲೆ ಟಾಪು ಪೂರ್ತಿ ಎತ್ತಿ, ಅದಕ್ಕೆ ಗಟ್ಟಿ ಮರದ ಆನಿಕೆ ಕೊಟ್ಟು, ಎರಡು ಪಕ್ಕದ ಗ್ಯಾಸ್ ರಾಡನ್ನು ಮೊದಲು ತೆಗೆದರು. ಈ ಕ್ರಮ ತಪ್ಪಕೂಡದು. ಡಿಕ್ಕಿ ಎತ್ತುವ ರಾಡಿನಂತೆ ಇದರಲ್ಲೂ ಒತ್ತಿ ತುಂಬಿದ ಗ್ಯಾಸ್ ಇರುತ್ತದೆ. ರಾಡು ಇರುವಾಗಲೇ ಕೀಲು ಬಿಚ್ಚಿದರೆ ಟಾಪು ಹಾರಿ ಎದೆಗೆ ಬಡಿಯುತ್ತದೆ. ರಾಡು ಬಂದ ಮೇಲೆ ಕ್ಯಾನ್ವಾಸನ್ನು ಹಿಡಿದಿದ್ದ ಅಲ್ಯುಮಿನಿಯಂ ಪಟ್ಟಿ. ಅದರ ಒಂದೊಂದು ಸ್ಕ್ರೂವನ್ನೂ ಮೇಷ್ಟ್ರು ಯಾವ ಬದಿ, ಎಷ್ಟನೆಯದು ಎಂದು ಬರೆದ ಚೀಟಿಯೊಂದಿಗೆ ಬೆಂಕಿಪೊಟ್ಟಣಗಳಲ್ಲಿ ತುಂಬಿದರು. ಕೊನೆಗೆ ಟಾಪು ಇಳಿಸಿ ಕೀಲಿನ ಬೋಲ್ಟು ಬಿಚ್ಚಲು ಕೂತರು. ನಾಲ್ಕರಲ್ಲಿ ಮೂರು ಬಂದವು. ನಾಲ್ಕನೆಯದರ ತಲೆ ಮುರಿಯಿತು, ಡ್ರಿಲ್ ಹಾಕಿ ತೆಗೆಯುವಷ್ಟರಲ್ಲಿ ಗಂಟೆ ಹತ್ತಾಗಿ ಗಾಳಿ ಎದ್ದಿತ್ತು.

"ಎಲ್ರೂ ಒಟ್ಟಿಗೆ. ನಾನು ಹೇಳೋವರ್ಗೂ ಯಾರೂ ಬಿಡಬೇಡಿ" ಅಂದರು ಭಾಯಿ. ಮೇಷ್ಟ್ರು, ಭಾಯಿ, ಅವರ ಶೆಡ್ಡಿನ ಹುಡುಗ, ನಾನು. ಎತ್ತಿ, ಪಕ್ಕಕ್ಕೆ ಸರಿಸಿ, ಟೈರುಗಳ ಮೇಲೆ ಕೂರಿಸಿ ಹಗ್ಗ ಬಿಗಿದಾಗ ನಾಲ್ವರ ಉಸಿರೂ ಒಟ್ಟಿಗೆ ಬಂತು. ತಿರುಗಿ ನೋಡಿದರೆ ವ್ಯಾನು ಬಾವಿಯ ಹಾಗೆ ಬಾಯಿ ತೆರೆದಿತ್ತು.

ಆ ಅಂಚು ನೋಡಿ ಮೇಷ್ಟ್ರು ಕೂತುಬಿಟ್ಟರು. ತಗಡನ್ನು ಕೊಯ್ದವರು ಕೊಯ್ದ ಅಂಚಿಗೆ ಒಂದು ಕೈ ಪ್ರೈಮರ್ ಕೂಡ ಕೊಟ್ಟಿರಲಿಲ್ಲ. ಬರಿ ಅಂಚಿನ ಕೆಳಗೆ ಮರದ ರೀಪರು ಇಟ್ಟು, ಮೇಲಿನಿಂದ ಸ್ಕ್ರೂ ಹೊಡೆದು, ನಡುವೆ ಸ್ಪಂಜಿನ ಪಟ್ಟಿ ತುಂಬಿದ್ದರು. ಸ್ಪಂಜು ನೀರು ಹೀರಿತು, ರೀಪರು ಅದನ್ನು ಹಿಡಿದಿಟ್ಟಿತು, ಕಡಲ ಗಾಳಿಯ ಉಪ್ಪು ಜೊತೆ ಸೇರಿತು. ಮುಂದಿನ ಅಂಚು ಪೂರ್ತಿ ಜರಡಿ. ಬೆರಳಲ್ಲಿ ಒತ್ತಿದರೆ ಹಪ್ಪಳದ ಹಾಗೆ ಪುಡಿಯಾಗುತ್ತಿತ್ತು.

"ನಾಲ್ಕು ತಾಲ್ಲೂಕಲ್ಲೂ ಮೊಳೆ ಪ್ರಯೋಗ ಮಾಡಿ ತೋರ್ಸಿದೀನಿ ಕಣಪ್ಪ" ಅಂದರು ಮೇಷ್ಟ್ರು. ಎಲ್ಲರೂ ಶಾಲೆಯಲ್ಲಿ ನೋಡಿದ್ದೇ. ಮೂರು ಪ್ರನಾಳ, ಮೂರರಲ್ಲೂ ಮೊಳೆ. ಒಂದರಲ್ಲಿ ತೇವವಿಲ್ಲದ ಗಾಳಿ. ಇನ್ನೊಂದರಲ್ಲಿ ಕುದಿಸಿ ಗಾಳಿ ತೆಗೆದ ನೀರು, ಮೇಲೆ ಎಣ್ಣೆಯ ಪದರ. ಮೂರನೆಯದರಲ್ಲಿ ನೀರೂ ಗಾಳಿಯೂ. ತುಕ್ಕು ಹಿಡಿಯುವುದು ಮೂರನೆಯದಕ್ಕೆ ಮಾತ್ರ. "ಈ ಅಂಚು ಇದೆಯಲ್ಲ, ಇದು ಮೂರನೇ ಪ್ರನಾಳ. ನೀರು ನಿಂತಿದೆ, ಗಾಳಿ ಆಡ್ತಿದೆ. ನಮ್ಮ ಬೆಟ್ಟದ ದೊಣೇಲಿ ನೀರು ಎಷ್ಟು ವರ್ಷ ನಿಂತ್ರೂ ಕಲ್ಲಿಗೆ ಏನೂ ಆಗಲ್ಲ. ಕಬ್ಬಿಣದಲ್ಲಿ ನಿಲ್ಲಿಸಬಾರದಿತ್ತು."

ಆಗ ನನಗೆ ಹೊಳೆದದ್ದು ನಮ್ಮ ಅಜ್ಜಿಯ ಮನೆ. ನಾನು ಹುಟ್ಟಿದ್ದು ಪಾವಗಡ ತಾಲ್ಲೂಕಿನ ಮಾಳಿಗೆ ಮನೆಯಲ್ಲಿ. ತೊಲೆ, ಅದರ ಮೇಲೆ ಜಂತೆ, ಜಂತೆಯ ಮೇಲೆ ಕಡ್ಡಿ, ಬಂದರೆ ಸೊಪ್ಪು, ಮಣ್ಣು, ಎಲ್ಲಕ್ಕೂ ಮೇಲೆ ಚೌಳು ಮಣ್ಣು. ಚೌಳು ಒದ್ದೆಯಾದರೆ ಬಿಗಿಯುತ್ತದೆ, ನೀರು ಕೆಳಗೆ ಬಿಡುವುದಿಲ್ಲ. ಮಳೆಗಾಲ ಕಾಲಿಡುವ ಮೊದಲು ಅಜ್ಜ ಕೆರೆ ಬದಿಯಿಂದ ಹೊಸ ಚೌಳು ತಂದು ಹರಡಿಸುತ್ತಿದ್ದ, ದೋಣಿಯ ಬಾಯಿಗೆ ಸಿಕ್ಕಿದ ಕಸ ಬಗೆಯುತ್ತಿದ್ದ. ಆ ಮಾಳಿಗೆಯ ನಡುವೆ ಒಂದು ಗವಾಕ್ಷಿ. ಅಡಿಗೆ ಮನೆಗೆ ಬೆಳಕು ಬರಲಿ, ಹೊಗೆ ಹೋಗಲಿ ಎಂದು. ಅಷ್ಟು ದೊಡ್ಡ ತೂತು ಇದ್ದರೂ ಮಳೆಗೆ ಒಳಗೆ ಸೋರಿದ್ದು ನನಗೆ ನೆನಪಿಲ್ಲ. ತೂತಿನ ಸುತ್ತ ಗೇಣುದ್ದ ಕಟ್ಟೆ ಎತ್ತಿರುತ್ತಿದ್ದರು. ಮಳೆ ಬಂದಾಗ ಅದರ ಮೇಲೊಂದು ಚಪ್ಪಡಿ. ಮಾಳಿಗೆಯ ಮೇಲೆ ನೀರು ಹರಿದು ಬಂದರೂ ಕಟ್ಟೆಗೆ ತಾಗಿ, ಸುತ್ತು ಬಳಸಿ, ದೋಣಿಯಿಂದ ಬೀಳುತ್ತಿತ್ತು.

"ಮೇಷ್ಟ್ರೇ, ಈ ತೂತಿಗೆ ಕಟ್ಟೆ ಇಲ್ಲ" ಅಂದೆ.

ಭಾಯಿ ಒಂದು ಕ್ಷಣ ಸುಮ್ಮನಿದ್ದರು. "ಸರಿಯಾಗ್ ಹೇಳಿದ್ರಿ. ಅಂಚು ಮೇಲಕ್ಕೆ ಮಡಿಸ್ಬೇಕು. ಒಂದಿಂಚು. ಟಾಪಿನ ಮುಚ್ಚಳ ಅದರ ಮೇಲಿಂದ ಇಳಿದು ಹೊರಗಡೆ ಕೂರ್ಬೇಕು, ಬೀಡಿಂಗು ಒಳಗಡೆ. ಡಬ್ಬಿ ಮುಚ್ಚಳ ಹೆಂಗೋ ಹಂಗೆ."

ಮರುದಿನ ವ್ಯಾನಿನ ಬಾಯಿಗೆ ಟಾರ್ಪಾಲು ಕಟ್ಟಿ ಶೆಡ್ಡಿಗೆ ಒಯ್ದರು. ನಾನು ದಿನಾ ಸಂಜೆ ಹೋಗಿ ನೋಡಿ ಬಂದೆ. ಕೊಯ್ಯುವ ಮುಂಚೆ ಬಾಗಿಲಿನಿಂದ ಬಾಗಿಲಿಗೆ ಅಡ್ಡ ಆಂಗಲ್ ಬೆಸೆದರು. ಮೇಲಿನ ಬಿಗಿ ತಪ್ಪಿದ ಗಾಡಿ ಅಗಲಕ್ಕೆ ಬಿಟ್ಟುಕೊಂಡರೆ ಆಮೇಲೆ ಬಾಗಿಲೇ ಕೂರುವುದಿಲ್ಲ. ಒಳಗಿನ ಫೋಮು, ಬಟ್ಟೆಯ ಲೈನಿಂಗು ಪೂರಾ ಕಿತ್ತು, ಮರಳಿನ ಬಕೆಟ್ಟು ಪಕ್ಕಕ್ಕಿಟ್ಟುಕೊಂಡರು. ಬೆಳ್ಳಗೆ ಹೊಳೆಯುವ ತಗಡು ಸಿಗುವವರೆಗೂ ಕೊಯ್ಯುತ್ತಾ ಹೋದರು. ಹಾಕಿದ್ದು 20 ಗೇಜಿನ ಶೀಟು, ದಪ್ಪ ಒಂದು ಮಿಲಿಮೀಟರಿಗೂ ಸ್ವಲ್ಪ ಕಡಿಮೆ. ಇಷ್ಟು ತೆಳು ತಗಡಿಗೆ ಒಂದೇ ಗೆರೆಯಾಗಿ ವೆಲ್ಡಿಂಗ್ ಎಳೆದರೆ ಕಾವಿಗೆ ಅಲೆಅಲೆಯಾಗಿ ಸೊಟ್ಟಗಾಗುತ್ತದೆ. ಅದಕ್ಕೆ ಇಲ್ಲೊಂದು ಚುಕ್ಕೆ, ಅರ್ಧ ಅಡಿ ಆಚೆ ಇನ್ನೊಂದು ಚುಕ್ಕೆ, ನಡುವೆ ತಣಿಯಲು ಬಿಡುವುದು, ಮತ್ತೆ ಅವೆರಡರ ನಡುವೆ ಇನ್ನೊಂದು. ನಮ್ಮ ಹೆಣ್ಣುಮಕ್ಕಳು ಚುಕ್ಕಿ ರಂಗೋಲಿ ಇಡುವ ಹಾಗೆ. ಈ ತಾಳ್ಮೆಗೆ ಒಂದು ವಾರ ಹಿಡಿಯಿತು.

ಉಳಿದ ತುಕ್ಕಿನ ಕಲೆಗೆ ಫಾಸ್ಫಾರಿಕ್ ಆಮ್ಲದ ದ್ರಾವಣ ಬಳಿದರು. ಕೆಂಪು ಹೋಗಿ ಕಪ್ಪಾಯಿತು. ಅದನ್ನು ನೋಡುತ್ತಾ ನಿಂತ ಮೇಷ್ಟ್ರು ಹೇಳಿದ್ದು ನನಗೆ ಗೊತ್ತೇ ಇರಲಿಲ್ಲ: 1800ರಲ್ಲಿ ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಧುಗಿರಿ, ಚನ್ನರಾಯನದುರ್ಗದ ಸುತ್ತ ಹಳ್ಳಗಳು ಹೊತ್ತು ತಂದ ಕಪ್ಪು ಮರಳಿನಿಂದ ಕಬ್ಬಿಣ ಕರಗಿಸುತ್ತಿದ್ದುದನ್ನು ಬರೆದಿಟ್ಟಿದ್ದಾನಂತೆ. ಮರಳಿನಲ್ಲಿರುವ ಕಬ್ಬಿಣವೂ ಆಮ್ಲಜನಕ ಹಿಡಿದುಕೊಂಡ ಕಬ್ಬಿಣವೇ. ಇದ್ದಿಲು ಸುಟ್ಟು, ತಿದಿ ಒತ್ತಿ ನಮ್ಮ ಹಿಂದಿನವರು ಅದನ್ನು ಬಿಡಿಸಿದರು. ಬಿಡಿಸಿದ ಕಬ್ಬಿಣ ಸಮಯ ಸಿಕ್ಕಾಗಲೆಲ್ಲ ಮತ್ತೆ ಅದನ್ನು ಹಿಡಿದುಕೊಳ್ಳಲು ನೋಡುತ್ತದೆ. ಕೊರಟಗೆರೆ ತಾಲ್ಲೂಕಿನ ಮಕ್ಕಳಿಗೆ ಈ ಪಾಠ ಮಾಡುವಾಗ ಚನ್ನರಾಯನದುರ್ಗದ ಬೆಟ್ಟ ತೋರಿಸಿಯೇ ಹೇಳುತ್ತಿದ್ದರಂತೆ.

ಸತುವಿನ ಮಾತು ತಂದವನು ಭಾಯಿಯ ತಮ್ಮನ ಮಗ. ಅವನಿಗೆ ಪಾವಗಡದ ತಿರುಮಣಿಯ ಸೋಲಾರ್ ಪಾರ್ಕಿನಲ್ಲಿ ಕೆಲಸ. ಹದಿಮೂರು ಸಾವಿರ ಎಕರೆಯಲ್ಲಿ 2050 ಮೆಗಾವಾಟ್ ತಯಾರಿಸುವ ಆ ಜಾಗದಲ್ಲಿ ಹಲಗೆಗಳನ್ನು ಹೊತ್ತು ನಿಂತ ಕಬ್ಬಿಣಕ್ಕೆ ಸತುವಿನ ಲೇಪ ಇರುತ್ತದೆ. ಕಬ್ಬಿಣಕ್ಕಿಂತ ಮೊದಲು ಸತುವೇ ಮುಂದೆ ಬಂದು ತಾನು ಸವೆಯುತ್ತದೆ. ಗೀರು ಬಿದ್ದರೂ ಸುತ್ತಲ ಸತು ಆ ಗೀರನ್ನು ಕಾಯುತ್ತದೆ. ಬೆಸುಗೆಯ ಮೇಲೆ ಸತು ಬೆರೆತ ಪ್ರೈಮರ್ ಹೊಡೆಯಬೇಕು ಎಂದು ಅವನು ಹಟ ಹಿಡಿದ. ಅದು ಒಣಗಿದ ಮೇಲೆ ಸಂದಿಗೆ ಸೀಲರ್, ಅದರ ಮೇಲೆ ಮಾಮೂಲಿ ಪ್ರೈಮರ್, ಬಣ್ಣ. ಲಪ್ಪಂ ಬಿದ್ದದ್ದು ಬೆಸುಗೆಯ ಗೆರೆ ಮುಚ್ಚಲು ಎಷ್ಟು ಬೇಕೋ ಅಷ್ಟೇ. ಮರದ ರೀಪರು ಒಲೆಗೆ ಹೋಯಿತು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹೊಸ ಬೀಡಿಂಗ್ ತರಿಸಿದರು, ಒಳಗೆ ಪೊಳ್ಳಿರುವ ರಬ್ಬರು, ನೀರು ಹೀರದ್ದು.

ಟಾಪು ಮತ್ತೆ ಏರಿದ ದಿನ ಅಕ್ಕ ಎಲ್ಲರಿಗೂ ಒಬ್ಬಟ್ಟು ಹಾಕಿದರು. ಬೆಂಕಿಪೊಟ್ಟಣದ ಸ್ಕ್ರೂಗಳಲ್ಲಿ ಒಂದೂ ಹೆಚ್ಚು ಕಡಿಮೆ ಆಗಲಿಲ್ಲ.

ಮಳೆ ಮಾತ್ರ ಬರಲಿಲ್ಲ. ಚೊಂಬಿನ ನೀರಿಗೆ ಮೇಷ್ಟ್ರಿಗೆ ನಂಬಿಕೆಯಿಲ್ಲ. ಬೇವಿನ ಎಲೆ ಬಿದ್ದು ಗಟರು ಕಟ್ಟಿಕೊಳ್ಳುತ್ತದೆ ಎಂದು ವ್ಯಾನನ್ನು ಮರದ ಕೆಳಗಿನಿಂದ ಬಯಲಿಗೆ ತಂದು ನಿಲ್ಲಿಸಿದರು. ಒಳಗೆಲ್ಲ ಹಳೇ ಪೇಪರು ಹಾಸಿ, ಅಂಚಿಗೆ ಮತ್ತೆ ಸೀಮೆಸುಣ್ಣದ ಪುಡಿ ಬಳಿದು ಕಾದರು. ದಿನಾ ಬೆಳಿಗ್ಗೆ ಬೇಲಿ ಹತ್ತಿರ ನಿಂತು ನಿಡಗಲ್ಲಿನ ಕಡೆಗೆ ಮೋಡ ನೋಡುವುದು, ಕೈ ಅಲ್ಲಾಡಿಸಿ ಒಳಗೆ ಹೋಗುವುದು. ಮಘೆ ಮಳೆ ಹುಟ್ಟಿ ನಾಲ್ಕನೇ ದಿನ ರಾತ್ರಿ ಹನ್ನೊಂದಕ್ಕೆ ಗುಡುಗಿತು. ಎರಡು ಗಂಟೆ ಬಿಡದೆ ಹುಯ್ಯಿತು. ಕಿಟಕಿಯಿಂದ ನೋಡಿದರೆ ವ್ಯಾನಿನೊಳಗೆ ಬ್ಯಾಟರಿ ಬೆಳಕು ಓಡಾಡುತ್ತಿತ್ತು. ಒಂದಲ್ಲ, ಎರಡು ಬೆಳಕು.

ಬೆಳಿಗ್ಗೆ ಮೇಷ್ಟ್ರು ಬೇಲಿಯ ಮೇಲಿನಿಂದ ಪೇಪರಿನ ಕಟ್ಟು ಚಾಚಿದರು. ಮುಟ್ಟಿ ನೋಡಿದೆ. ಗರಿಗರಿ. ಆಮೇಲೆ ನಾಲ್ಕು ಟೈರೂ ಒಂದೊಂದಾಗಿ ಈ ಕಡೆ ಬಂದವು.

"ಸೋಮವಾರ ಹೊರಡ್ತೀವಪ್ಪ. ಅದೇ ಊರಿಗೇ ಮೊದಲು, ಅಕ್ಕ ಅಲ್ಲಿಗೇ ಹೋಗೋಣ ಅಂತವ್ಳೆ. ಬರೋದು ಎಂಟು ದಿನ ಆಗುತ್ತೆ. ಈ ಕಡೆ ಬಾಗಿರೋ ತೊಂಡೆಕಾಯೂ ನೀವೇ ಕಿತ್ಕೊಳ್ಳಿ, ಬಲಿತು ಹಣ್ಣಾಗ್ಬುಡುತ್ತೆ."